ರಕ್ತಹೀನತೆ

ರಕ್ತದಲ್ಲಿರುವ ಹಿಮೋಗ್ಲೋಬಿನ್ ದೇಹದ ಅಗತ್ಯಕ್ಕೆ ಸಾಲದಷ್ಟು ಇಳಿದಿರುವ ಸ್ಥಿತಿಗೆ ರಕ್ತಹೀನತೆ ಎನ್ನುತ್ತಾರೆ. ಆಡುಮಾತಿನಲ್ಲಿ ಇದು ‘ರಕ್ತ ಕಮ್ಮಿ’, ಆಸ್ಪತ್ರೆಯ ಚೀಟಿಯಲ್ಲಿ ‘ಎಚ್‌ಬಿ ಕಡಿಮೆ’. ಮೈಯಲ್ಲಿ ಹರಿಯುವ ರಕ್ತದ ಒಟ್ಟು ಅಳತೆ ಇಳಿದಿರಲೇಬೇಕೆಂದಿಲ್ಲ; ಇಳಿದಿರುವುದು ಆಮ್ಲಜನಕವನ್ನು ಹೊರುವ ಅದರ ಶಕ್ತಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019–21) ಭಾರತದ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ 57, ಅದೇ ವಯಸ್ಸಿನ ಗಂಡಸರಲ್ಲಿ ಶೇ 25, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67.1ರಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂತು. ಕರ್ನಾಟಕದ ಅಂಕಿಗಳು ಕ್ರಮವಾಗಿ 47.8, 19.6 ಮತ್ತು 65.5. ಹಿಂದಿನ ಸುತ್ತಿನಲ್ಲಿ (2015–16) ರಾಜ್ಯದ ಮಹಿಳೆಯರಲ್ಲಿ ಇದು ಶೇ 44.8, ಮಕ್ಕಳಲ್ಲಿ ಶೇ 60.9 ಇತ್ತು. ಅರ್ಧ ಶತಮಾನದಿಂದ ಸರ್ಕಾರ ಕಬ್ಬಿಣದ ಮಾತ್ರೆ ಹಂಚುತ್ತಾ ಬಂದಿರುವ ದೇಶದಲ್ಲಿ ಅಂಕಿ ಇಳಿಯುವ ಬದಲು ಏರಿದೆ.

ಇಷ್ಟೊಂದು ಸಾಮಾನ್ಯವಾಗಿರುವುದೇ ಈ ಸ್ಥಿತಿಯ ದೊಡ್ಡ ಅಪಾಯ. ಮನೆಯ ಹೆಂಗಸರೆಲ್ಲರೂ ಸುಸ್ತಾಗಿಯೇ ಇದ್ದರೆ ಸುಸ್ತು ಯಾರಿಗೂ ಕಾಯಿಲೆಯಾಗಿ ತೋರುವುದಿಲ್ಲ. ಎಚ್‌ಬಿ ಒಂಬತ್ತು ಎಂದು ಗೊತ್ತಾದಾಗಲೂ ‘ಎಲ್ಲರಿಗೂ ಅಷ್ಟೇ ಇರುತ್ತದೆ’ ಎಂಬ ಸಮಾಧಾನ ಸಿಗುತ್ತದೆ, ಒಂದು ಬಾಟಲಿ ಟಾನಿಕ್ ಮನೆಗೆ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ರಕ್ತಹೀನತೆ ತಾನಾಗಿಯೇ ಒಂದು ರೋಗವಲ್ಲ. ಒಳಗೆಲ್ಲೋ ಇರುವ ಕೊರತೆಯನ್ನೋ ಸೋರಿಕೆಯನ್ನೋ ಹುಟ್ಟಿನಿಂದ ಬಂದ ದೋಷವನ್ನೋ ತೋರಿಸುವ ಗುರುತು. ‘ಎಷ್ಟಿದೆ’ ಎಂದು ಅಳೆದು ‘ಯಾಕೆ ಇಳಿಯಿತು’ ಎಂದು ಕೇಳದಿರುವ ಚಿಕಿತ್ಸೆ ಅರ್ಧಕ್ಕೇ ನಿಂತಂತೆ.

ಕಬ್ಬಿಣದ ಲೆಕ್ಕ

ಕೆಂಪು ರಕ್ತಕಣಗಳು ಮೂಳೆಗಳೊಳಗಿನ ಮಜ್ಜೆಯಲ್ಲಿ ಹುಟ್ಟುತ್ತವೆ. ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳು ರಕ್ತಕ್ಕೆ ಇಳಿಯುತ್ತವೆ. ಪ್ರತಿಯೊಂದರ ಬಾಳು ಸುಮಾರು 120 ದಿನ. ಕಣದೊಳಗೆ ತುಂಬಿಕೊಂಡಿರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ಪ್ರತಿ ಅಣುವಿನಲ್ಲೂ ನಾಲ್ಕು ಕಬ್ಬಿಣದ ಪರಮಾಣುಗಳಿವೆ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು, ಮಿದುಳಿನಿಂದ ಕಾಲಿನ ಮಾಂಸಖಂಡದವರೆಗೆ ಎಲ್ಲೆಡೆ ಬಿಟ್ಟುಕೊಡುವ ಕೆಲಸ ಇವುಗಳದು.

ವಯಸ್ಕರ ದೇಹದಲ್ಲಿರುವ ಕಬ್ಬಿಣವನ್ನೆಲ್ಲ ಕೂಡಿಸಿದರೂ ಮೂರು–ನಾಲ್ಕು ಗ್ರಾಂ ಮೀರುವುದಿಲ್ಲ. ಇಷ್ಟು ಕಡಿಮೆ ಬಂಡವಾಳದಲ್ಲಿ ನಡೆಯುವ ದೇಹ ಅದನ್ನು ಬಹಳ ಎಚ್ಚರದಿಂದ ಬಳಸುತ್ತದೆ. ವಯಸ್ಸಾದ ಕಣಗಳನ್ನು ಗುಲ್ಮ ಒಡೆದು, ಹಳೆಯ ಪಾತ್ರೆ ಕರಗಿಸಿ ಹೊಸದು ಎರಕ ಹೊಯ್ಯುವ ಹಾಗೆ, ಅದೇ ಕಬ್ಬಿಣವನ್ನು ಮಜ್ಜೆಗೆ ಮರಳಿಸುತ್ತದೆ. ದಿನಕ್ಕೆ 20ರಿಂದ 25 ಮಿಲಿಗ್ರಾಂ ಹೀಗೆ ಸುತ್ತುತ್ತದೆ. ಊಟದಿಂದ ಹೊಸದಾಗಿ ಕರುಳು ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಆದ್ದರಿಂದ ಒಳಬರುವುದರ ಮೇಲೆಯೇ ಕಾವಲು. ಈ ಕಾವಲಿನ ಕೆಲಸ ಮಾಡುವ ಹೆಪ್ಸಿಡಿನ್ ಎಂಬ ಹಾರ್ಮೋನು ಯಕೃತ್ತಿನಲ್ಲಿ ತಯಾರಾಗುತ್ತದೆ. ವಿಜ್ಞಾನಿಗಳು ಅದನ್ನು ಗುರುತಿಸಿದ್ದು 2000ದ ಆಸುಪಾಸಿನಲ್ಲಿ. ದೇಹದಲ್ಲಿ ಸೋಂಕು ಅಥವಾ ಉರಿಯೂತ ಇದ್ದಾಗ ಹೆಪ್ಸಿಡಿನ್ ಏರುತ್ತದೆ, ಕರುಳಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಪದೇ ಪದೇ ಭೇದಿ, ಜ್ವರ ಬರುವ ಮಗುವಿಗೆ ಎಷ್ಟು ತಿನ್ನಿಸಿದರೂ ರಕ್ತ ಏರದಿರುವುದಕ್ಕೆ ಇದೂ ಒಂದು ಕಾರಣ.

ಒಂದು ಮಿಲಿಲೀಟರ್ ರಕ್ತ ಹೋಯಿತೆಂದರೆ ಅದರೊಂದಿಗೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವೂ ಹೋಗುತ್ತದೆ. ಪ್ರತಿ ಮುಟ್ಟಿನಲ್ಲಿ ಸರಾಸರಿ 30–40 ಮಿಲಿಲೀಟರ್ ರಕ್ತ ಹೋಗುವುದರಿಂದ ಹೆಣ್ಣಿಗೆ ತಿಂಗಳಿಗೆ 15–20 ಮಿಲಿಗ್ರಾಂ ಕಬ್ಬಿಣದ ಹೆಚ್ಚುವರಿ ಖರ್ಚು. ಸ್ರಾವ 80 ಮಿಲಿಲೀಟರ್ ದಾಟಿದರೆ ಊಟ ಎಷ್ಟೇ ಚೆನ್ನಾಗಿದ್ದರೂ ಆ ನಷ್ಟ ತುಂಬುವುದು ಕಷ್ಟ. ಒಂದು ಬಸಿರು ಮತ್ತು ಹೆರಿಗೆ ಒಟ್ಟು ಸುಮಾರು ಒಂದು ಗ್ರಾಂ ಕಬ್ಬಿಣ ಕೇಳುತ್ತದೆ, ಅಂದರೆ ದೇಹದ ಇಡೀ ದಾಸ್ತಾನಿನ ಕಾಲು ಭಾಗಕ್ಕೂ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ಗಂಡಸಿಗೆ ಆಹಾರದಿಂದ ದಿನಕ್ಕೆ 19 ಮಿಲಿಗ್ರಾಂ, ಹೆಂಗಸಿಗೆ 29 ಮಿಲಿಗ್ರಾಂ ಕಬ್ಬಿಣ ಬೇಕು. ನಮ್ಮ ಬಹುಪಾಲು ಮನೆಗಳ ತಟ್ಟೆ ಇದಕ್ಕೆ ತಿರುಗಾಮುರುಗಾ. ಗಂಡಸರು ಮಕ್ಕಳು ಉಂಡೆದ್ದ ಮೇಲೆ ಹೆಂಗಸು ಕೂರುತ್ತಾಳೆ. ಪಲ್ಯದ ಪಾತ್ರೆ ಅಷ್ಟರಲ್ಲಿ ಬರಿದಾಗಿರುತ್ತದೆ, ಉಳಿದಿರುವುದು ಅನ್ನ ಮತ್ತು ತಿಳಿಸಾರು.

ಕಾರಣಗಳು

ಕಬ್ಬಿಣದ ಕೊರತೆಯಿಂದ ಬರುವ ರಕ್ತಹೀನತೆಯೇ ಜಗತ್ತಿನಲ್ಲೆಲ್ಲ ಹೆಚ್ಚು. ಕೊರತೆಗೆ ಮೂರು ದಾರಿಗಳಿವೆ: ತಿನ್ನುವುದು ಸಾಲದು, ತಿಂದದ್ದು ಕರುಳು ಹೀರುವುದಿಲ್ಲ, ಅಥವಾ ರಕ್ತ ಎಲ್ಲಿಂದಲೋ ಸೋರುತ್ತಿದೆ. ಮೂರನೆಯದನ್ನು ನಾವು ಅತಿ ಸುಲಭವಾಗಿ ಮರೆಯುತ್ತೇವೆ. ಗರ್ಭಕೋಶದ ಗೆಡ್ಡೆ, ಮೂಲವ್ಯಾಧಿ, ಜಠರದ ಹುಣ್ಣು, ಮಂಡಿನೋವಿಗೆಂದು ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆಯಿಂದ ಹೊಟ್ಟೆಯೊಳಗೆ ಹನಿಹನಿಯಾಗಿ ಒಸರುವ ರಕ್ತ, ದೊಡ್ಡಕರುಳಿನ ಕ್ಯಾನ್ಸರು, ಇವೆಲ್ಲ ಮೊದಲು ಕಾಣಿಸಿಕೊಳ್ಳುವುದು ಬರೀ ‘ರಕ್ತ ಕಮ್ಮಿ’ಯಾಗಿ. ಮುಟ್ಟು ನಿಂತ ಹೆಂಗಸಿಗೆ, ಯಾವ ವಯಸ್ಸಿನ ಗಂಡಸಿಗೇ ಆಗಲಿ ಕಬ್ಬಿಣದ ಕೊರತೆ ಕಂಡರೆ ಸೋರಿಕೆ ಎಲ್ಲಿದೆ ಎಂದು ಹುಡುಕಲೇಬೇಕು. ಬಿಸಾಕುವ ಮಾತಲ್ಲ ಇದು. ಟಾನಿಕ್ಕಿನಲ್ಲಿ ಕಳೆದ ಆರು ತಿಂಗಳು ಒಬ್ಬ ಕ್ಯಾನ್ಸರ್ ರೋಗಿಗೆ ಬದುಕುವ ಅವಕಾಶವನ್ನೇ ಕಳೆಯಬಹುದು.

ಕೊಕ್ಕೆಹುಳು ಇನ್ನೊಂದು ಸೋರಿಕೆ. ಬಯಲಲ್ಲಿ ಮಲ ಬಿದ್ದ ತೇವದ ಮಣ್ಣಿನಲ್ಲಿ ಬೆಳೆಯುವ ಇದರ ಮರಿ, ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ರಕ್ತದ ಮೂಲಕ ಶ್ವಾಸಕೋಶ ಸೇರಿ, ಅಲ್ಲಿಂದ ಗಂಟಲಿಗೆ ಬಂದು ನುಂಗಲ್ಪಟ್ಟು ಸಣ್ಣಕರುಳಿನಲ್ಲಿ ನೆಲೆಸುತ್ತದೆ. ಒಂದು ಹುಳು ಹೀರುವುದು ದಿನಕ್ಕೆ ಒಂದು ಹನಿಗಿಂತ ಕಡಿಮೆಯಾದರೂ ನೂರಾರು ಹುಳುಗಳು ವರ್ಷಗಟ್ಟಲೆ ಕಚ್ಚಿಕೊಂಡಿದ್ದರೆ ಮಗುವಿನ ರಕ್ತ ಬತ್ತುತ್ತದೆ. ಗದ್ದೆ, ತೋಟಗಳಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಇದರ ಕಾಟ ಹೆಚ್ಚು. ಚಪ್ಪಲಿ ಮತ್ತು ಶೌಚಾಲಯ ಎರಡೂ ಈ ಲೆಕ್ಕದಲ್ಲಿ ರಕ್ತಹೀನತೆಯ ಔಷಧಗಳೇ.

ಫೋಲಿಕ್ ಆಮ್ಲ ಅಥವಾ ಬಿ12 ಜೀವಸತ್ವ ಸಾಲದಿದ್ದರೆ ಮಜ್ಜೆಯಲ್ಲಿ ಕಣಗಳು ಸರಿಯಾಗಿ ವಿಭಜನೆಯಾಗದೆ ದೊಡ್ಡದಾಗಿ, ಕಡಿಮೆ ಸಂಖ್ಯೆಯಲ್ಲಿ ಹೊರಬರುತ್ತವೆ. ಫೋಲಿಕ್ ಆಮ್ಲ ಸೊಪ್ಪು, ಕಾಳುಗಳಲ್ಲಿದೆ. ಬಿ12 ಸಿಗುವುದು ಪ್ರಾಣಿಮೂಲದ ಆಹಾರದಿಂದ ಮಾತ್ರ. ಸಸ್ಯಾಹಾರಿಗೆ ಹಾಲು, ಮೊಸರು ಬಿಟ್ಟರೆ ಬೇರೆ ಆಸರೆಯಿಲ್ಲ. ಕಾಫಿಗೆ ಹಾಕಿದ ಒಂದಿಷ್ಟು ಹಾಲು ಮತ್ತು ನೀರುಮಜ್ಜಿಗೆಯಿಂದ ಅದು ದಕ್ಕುವುದಿಲ್ಲ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ತೆಗೆದುಕೊಳ್ಳುವವರಲ್ಲೂ ಬಿ12 ಇಳಿಯುತ್ತದೆ. ಈ ಕೊರತೆ ರಕ್ತಕ್ಕಷ್ಟೇ ನಿಲ್ಲದೆ ನರಗಳನ್ನು ಹಿಡಿಯುತ್ತದೆ: ಅಂಗೈ ಅಂಗಾಲು ಜುಮ್ಮೆನ್ನುವುದು, ನಡೆಯುವಾಗ ಕಾಲು ಎಲ್ಲಿಟ್ಟೆವೆಂದು ತಿಳಿಯದಿರುವುದು, ಮರೆವು. ಫೋಲಿಕ್ ಆಮ್ಲವೊಂದನ್ನೇ ಕೊಟ್ಟರೆ ಎಚ್‌ಬಿ ಏರಿ ಎಲ್ಲ ಸರಿಹೋದಂತೆ ಕಾಣುತ್ತದೆ, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಹುಟ್ಟಿನಿಂದ ಬರುವ ರಕ್ತಹೀನತೆಗಳ ಪೈಕಿ ಮುಖ್ಯವಾದವು ಥಲಸ್ಸೀಮಿಯಾ ಮತ್ತು ಕುಡಗೋಲು ಕಣ ರೋಗ. ಸಿಕಲ್ ಸೆಲ್ ಎಂದೇ ಹೆಚ್ಚು ಬಳಕೆಯಲ್ಲಿರುವ ಈ ಎರಡನೆಯದನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಹಿಮೋಗ್ಲೋಬಿನ್ನಿನ ಒಂದೇ ಒಂದು ಅಮೈನೋ ಆಮ್ಲ ಬದಲಾದ ಕಾರಣ ಕಣಗಳು ಕುಡಗೋಲಿನ ಆಕಾರಕ್ಕೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ತಾಳಲಾಗದ ಮೈಕೈ ನೋವು ಬರಿಸುತ್ತವೆ. ಮೈಸೂರು, ಚಾಮರಾಜನಗರ, ಕೊಡಗು ಸೀಮೆಯ ಕಾಡಂಚಿನ ಸಮುದಾಯಗಳಲ್ಲಿ ಈ ರೋಗವಿದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ, ಕರ್ನಾಟಕವೂ ಸೇರಿದಂತೆ ರೋಗ ಹೆಚ್ಚಿರುವ ರಾಜ್ಯಗಳಲ್ಲಿ 40 ವರ್ಷದವರೆಗಿನ ಏಳು ಕೋಟಿ ಜನರನ್ನು ಪರೀಕ್ಷಿಸಿ 2047ರೊಳಗೆ ಇದನ್ನು ಇಲ್ಲವಾಗಿಸುವ ಗುರಿ ಇಟ್ಟುಕೊಂಡಿದೆ. ಥಲಸ್ಸೀಮಿಯಾದ ವಾಹಕರು, ಅಂದರೆ ದೋಷವುಳ್ಳ ಒಂದೇ ಜೀನ್ ಹೊತ್ತವರು, ತಾವು ಆರೋಗ್ಯವಾಗಿಯೇ ಇರುತ್ತಾರೆ. ಅವರ ಎಚ್‌ಬಿ ಮಾತ್ರ ಸದಾ ತುಸು ಕಡಿಮೆ. ಇಂಥವರಿಗೆ ಕೊರತೆ ಇದೆಯೋ ಇಲ್ಲವೋ ನೋಡದೆ ವರ್ಷಾನುಗಟ್ಟಲೆ ಕಬ್ಬಿಣ ಕೊಡುವುದುಂಟು. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ತೀವ್ರ ರೋಗದ ಮಗು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ಜಾತಕದ ಗುಣಗಳನ್ನು ಕೂಡಿಸಿ ನೋಡುವ ಮನೆಗಳು ಒಂದು ರಕ್ತಪರೀಕ್ಷೆಯನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು.

ಮೂತ್ರಪಿಂಡ ಸೋತವರಲ್ಲಿ ರಕ್ತೋತ್ಪತ್ತಿಗೆ ಬೇಕಾದ ಎರಿಥ್ರೊಪೊಯಟಿನ್ ಹಾರ್ಮೋನು ಇಳಿದು, ಕ್ಷಯ, ಕೀಲುವಾತದಂಥ ದೀರ್ಘ ಕಾಯಿಲೆಗಳಲ್ಲಿ ಕಬ್ಬಿಣ ದಾಸ್ತಾನಿನಲ್ಲಿದ್ದೂ ಬಳಕೆಗೆ ಸಿಗದೆ, ಮಲೇರಿಯಾದಲ್ಲಿ ಕಣಗಳೇ ಒಡೆದು ರಕ್ತಹೀನತೆ ಬರುತ್ತದೆ.

ತಿಳಿವು ಬೆಳೆದ ಬಗೆ

ಚರಕ, ಸುಶ್ರುತ ಸಂಹಿತೆಗಳು ಪಾಂಡುರೋಗವೆಂಬ ಹೆಸರಿನಲ್ಲಿ ಬಿಳಿಚಿಕೊಳ್ಳುವ ಕಾಯಿಲೆಯನ್ನು ವಿವರಿಸಿ ಕಬ್ಬಿಣ ಬೆರೆತ ಔಷಧಗಳನ್ನು ಹೇಳಿವೆ. ಯುರೋಪಿನಲ್ಲಿ 17ನೆಯ ಶತಮಾನದ ಇಂಗ್ಲಿಷ್ ವೈದ್ಯ ಥಾಮಸ್ ಸಿಡನಮ್ ಕಬ್ಬಿಣದ ಪುಡಿಯನ್ನು ದ್ರಾಕ್ಷಾರಸದಲ್ಲಿ ನೆನೆಸಿ ಬಿಳಿಚಿದ ಹುಡುಗಿಯರಿಗೆ ಕುಡಿಸಿದ. 1832ರಲ್ಲಿ ಫ್ರಾನ್ಸಿನ ಪಿಯೇರ್ ಬ್ಲೋ ಫೆರಸ್ ಸಲ್ಫೇಟಿನ ಗುಳಿಗೆ ತಯಾರಿಸಿದ. ಇಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ ಮಾತ್ರೆ ಅದರದೇ ವಂಶದ್ದು.

ಫೋಲಿಕ್ ಆಮ್ಲದ ಕತೆ ನಮ್ಮ ನೆಲದಲ್ಲಿಯೇ ಶುರುವಾಗುತ್ತದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು ಬಟ್ಟೆ ಗಿರಣಿಯ ಬಸುರಿ ಹೆಂಗಸರಲ್ಲಿದ್ದ ತೀವ್ರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಸೂಕ್ಷ್ಮದರ್ಶಕದಲ್ಲಿ ಅವರ ರಕ್ತಕಣಗಳು ದೊಡ್ಡದಾಗಿ ಕಂಡವು, ಕಬ್ಬಿಣಕ್ಕೆ ಬಗ್ಗಲಿಲ್ಲ. ಕೊನೆಗೆ ಆಕೆ ಕೊಟ್ಟು ನೋಡಿದ್ದು ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ. ರೋಗಿಗಳು ಚೇತರಿಸಿಕೊಂಡರು. 1931ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಯೀಸ್ಟಿನಲ್ಲಿದ್ದ ಆ ‘ವಿಲ್ಸ್ ಅಂಶ’ವೇ ಫೋಲಿಕ್ ಆಮ್ಲವೆಂದು ಆಮೇಲೆ ತಿಳಿಯಿತು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು. 1940ರ ದಶಕದ ನಡುವೆ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡವನ್ನು ಮುನ್ನಡೆಸಿದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಗಿರಣಿಯಲ್ಲಿ ದುಡಿದ ಹೆಂಗಸರ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಇಂದು ಲೋಕದ ಬಸುರಿಯರೆಲ್ಲ ನುಂಗುವ ಮಾತ್ರೆಯ ಹಿಂದೆ ಅವರ ರಕ್ತವೂ ಇದೆ.

ಬಿ12ರ ಜಾಡು ಹಿಡಿದದ್ದು ಅಮೆರಿಕದಲ್ಲಿ. ಅಲ್ಲಿಯವರೆಗೆ ಸಾವೇ ಗತಿಯಾಗಿದ್ದ ಒಂದು ಬಗೆಯ ರಕ್ತಹೀನತೆಗೆ ಪ್ರಾಣಿಗಳ ಈಲಿಯನ್ನು ತಿನ್ನಿಸಿ ಗುಣಪಡಿಸಬಹುದೆಂದು ಮೈನಟ್ ಮತ್ತು ಮರ್ಫಿ ಎಂಬ ವೈದ್ಯರು 1926ರಲ್ಲಿ ತೋರಿಸಿದರು. ವಿಪಲ್ ಎಂಬ ಇನ್ನೊಬ್ಬ ವಿಜ್ಞಾನಿಯ ಜೊತೆಗೆ 1934ರಲ್ಲಿ ಅವರಿಗೆ ನೊಬೆಲ್ ಬಂತು. ಈಲಿಯೊಳಗಿನ ಆ ವಸ್ತು ಕೈಗೆ ಸಿಕ್ಕಿದ್ದು 1948ರಲ್ಲಿ.

ಲಕ್ಷಣ, ಅಳತೆ ಮತ್ತು ಒಂದು ವಿವಾದ

ರಕ್ತಹೀನತೆ ಮೆಲ್ಲಗೆ ಬರುವುದರಿಂದ ದೇಹ ಒಗ್ಗಿಕೊಂಡುಬಿಡುತ್ತದೆ. ಸುಸ್ತು, ಮೆಟ್ಟಿಲೇರಿದರೆ ಏದುಸಿರು, ಎದೆ ಡವಡವ, ತಲೆಸುತ್ತು, ತಲೆನೋವು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಕೂದಲು ಉದುರುವುದು ಸಾಮಾನ್ಯ ಲಕ್ಷಣಗಳು. ಕಣ್ಣಿನ ಕೆಳರೆಪ್ಪೆಯ ಒಳಭಾಗ, ನಾಲಿಗೆ, ಅಂಗೈ ಬಿಳಿಚಿರುತ್ತವೆ. ಕಬ್ಬಿಣದ ಕೊರತೆ ಹಳೆಯದಾದರೆ ಉಗುರು ಚಮಚದಂತೆ ಗುಳಿಬೀಳುತ್ತದೆ, ಬಾಯಿಯ ಅಂಚು ಸೀಳುತ್ತದೆ. ಮಣ್ಣು, ಬಳಪ, ಹಸಿ ಅಕ್ಕಿ, ಒಲೆಯ ಬೂದಿ ತಿನ್ನಬೇಕೆನಿಸುವುದೂ ಇದರ ಗುರುತು. ಬಳಪ ತಿನ್ನುವ ಹುಡುಗಿಗೆ ಬೈದು ಪ್ರಯೋಜನವಿಲ್ಲ, ಎಚ್‌ಬಿ ನೋಡಿಸಬೇಕು. ಕಬ್ಬಿಣ ತುಂಬಿದ ಮೇಲೆ ಆ ಆಸೆ ತಾನಾಗಿಯೇ ಹೋಗುತ್ತದೆ. ಎಳೆಯ ಮಕ್ಕಳಲ್ಲಿ ಹಾನಿ ಇನ್ನೂ ಆಳ: ಮಿದುಳು ವೇಗವಾಗಿ ಬೆಳೆಯುವ ಮೊದಲ ಎರಡು ವರ್ಷಗಳಲ್ಲಿ ಕಬ್ಬಿಣ ಸಾಲದೆ ಹೋದರೆ ಕಲಿಕೆಯ ಮೇಲಾದ ಪೆಟ್ಟು ಆಮೇಲೆ ಕೊಟ್ಟ ಔಷಧದಿಂದ ಪೂರ್ತಿ ಸರಿಹೋಗದಿರಬಹುದು. ಬಸುರಿಯಲ್ಲಿ ತೀವ್ರ ರಕ್ತಹೀನತೆ ಅವಧಿಗೆ ಮುಂಚಿನ ಹೆರಿಗೆ, ಕಡಿಮೆ ತೂಕದ ಮಗು, ಹೆರಿಗೆಯಲ್ಲಿ ತಾಯಿಯ ಸಾವು, ಇವೆಲ್ಲಕ್ಕೂ ದಾರಿ. ರಕ್ತ ತುಂಬಿಕೊಂಡಿರುವ ತಾಯಿ ತಾಳಿಕೊಳ್ಳಬಲ್ಲ ರಕ್ತಸ್ರಾವ, ಎಚ್‌ಬಿ ಆರು ಇರುವವಳ ಪ್ರಾಣ ತೆಗೆಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಗಂಡಸಿಗೆ 13 ಗ್ರಾಂ, ಹೆಂಗಸಿಗೆ 12, ಬಸುರಿಗೆ 11ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 2024ರ ಪರಿಷ್ಕರಣೆಯಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೂ, ಬಸಿರಿನ ನಡುವಿನ ಮೂರು ತಿಂಗಳಿಗೂ ಈ ಗೆರೆಯನ್ನು 10.5ಕ್ಕೆ ಇಳಿಸಲಾಯಿತು. ಬಸುರಿಯ ಎಚ್‌ಬಿ ಏಳಕ್ಕಿಂತ ಕೆಳಗಿದ್ದರೆ ತೀವ್ರ. ಸಂಪೂರ್ಣ ರಕ್ತಕಣ ಎಣಿಕೆಯ ಪರೀಕ್ಷೆ ಕಣಗಳ ಗಾತ್ರವನ್ನೂ ಹೇಳುತ್ತದೆ: ಚಿಕ್ಕದಾಗಿದ್ದರೆ ಕಬ್ಬಿಣದ ಕೊರತೆ ಅಥವಾ ಥಲಸ್ಸೀಮಿಯಾ, ದೊಡ್ಡದಾಗಿದ್ದರೆ ಬಿ12 ಅಥವಾ ಫೋಲಿಕ್ ಆಮ್ಲದ ಕಡೆಗೆ ಗಮನ. ಫೆರಿಟಿನ್ ಪರೀಕ್ಷೆ ದೇಹದ ಕಬ್ಬಿಣದ ದಾಸ್ತಾನು ಅಳೆಯುತ್ತದೆ; ಸೋಂಕಿದ್ದಾಗ ಅದು ಸುಳ್ಳಾಗಿ ಏರಿರುತ್ತದೆ ಎಂಬ ಎಚ್ಚರ ಬೇಕು.

ದೇಶದ ಅಂಕಿಗಳ ಬಗ್ಗೆ ತಜ್ಞರಲ್ಲಿ ನಿಜವಾದ ಭಿನ್ನಾಭಿಪ್ರಾಯವಿದೆ. ಕುಟುಂಬ ಆರೋಗ್ಯ ಸಮೀಕ್ಷೆ ಬೆರಳು ಚುಚ್ಚಿದ ಹನಿಯಿಂದ ಎಚ್‌ಬಿ ಅಳೆಯುತ್ತದೆ. 2016–18ರಲ್ಲಿ ನಡೆದ ಮಕ್ಕಳ ಸಮಗ್ರ ಪೋಷಣಾ ಸಮೀಕ್ಷೆ ರಕ್ತನಾಳದಿಂದ ರಕ್ತ ತೆಗೆದು ಅಳೆದಾಗ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಶೇ 41, ಹದಿಹರೆಯದವರಲ್ಲಿ ಶೇ 28ರಷ್ಟು ಮಂದಿಯಲ್ಲಿ ಮಾತ್ರ ರಕ್ತಹೀನತೆ ಕಂಡಿತು. ಬೆರಳನ್ನು ಹಿಂಡಿದರೆ ಹನಿಯೊಳಗೆ ಅಂಗಾಂಶದ ದ್ರವ ಬೆರೆತು ಎಚ್‌ಬಿ ತಪ್ಪಾಗಿ ಬರುವುದುಂಟು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರ ಕುರ್ಪಾಡ್ ಮುಂತಾದ ಪೋಷಣಾ ವಿಜ್ಞಾನಿಗಳು, ಆರೋಗ್ಯವಂತ ಭಾರತೀಯ ಮಕ್ಕಳ ಎಚ್‌ಬಿ ಗೆರೆಯೇ ಬೇರೆ ಇರಬಹುದೆಂದೂ ಕಬ್ಬಿಣವೊಂದನ್ನೇ ಎಲ್ಲರಿಗೂ ಸುರಿಯುವುದು ಸರಿಯಲ್ಲವೆಂದೂ ವಾದಿಸಿದ್ದಾರೆ. ಆರನೆಯ ಸುತ್ತಿನ ಕುಟುಂಬ ಸಮೀಕ್ಷೆಯಿಂದ ರಕ್ತಹೀನತೆಯ ಅಳತೆಯನ್ನೇ ಕೈಬಿಟ್ಟು, ರಕ್ತನಾಳದ ಮಾದರಿ ಬಳಸುವ ಪ್ರತ್ಯೇಕ ಆಹಾರ ಸಮೀಕ್ಷೆಗೆ ವಹಿಸಲಾಗಿದೆ. ಅಳತೆ ಸರಿಹೋಗಲೇಬೇಕು. ಆದರೆ ಕಡಿಮೆ ಅಂಕಿಯನ್ನೇ ನಂಬಿದರೂ ಐದರಲ್ಲಿ ಎರಡು ಪುಟ್ಟ ಮಕ್ಕಳ ಮಾತು ಇದು. ಗೆರೆಯ ಚರ್ಚೆ ಆಲಸ್ಯಕ್ಕೆ ನೆಪವಾಗಬಾರದು.

ಚಿಕಿತ್ಸೆ

ಕಬ್ಬಿಣದ ಕೊರತೆಗೆ ಮೊದಲ ಔಷಧ ಬಾಯಿಯ ಮೂಲಕ ಕೊಡುವ ಮಾತ್ರೆ. ಅಗ್ಗ, ಸರ್ಕಾರಿ ಕೇಂದ್ರದಲ್ಲಿ ಉಚಿತ, ತೆಗೆದುಕೊಂಡರೆ ಬಹುತೇಕರಲ್ಲಿ ಕೆಲಸ ಮಾಡುತ್ತದೆ. ಎಚ್‌ಬಿ ತಿಂಗಳಿಗೆ ಸುಮಾರು ಒಂದು ಗ್ರಾಂ ಏರಬೇಕು. ಏರಿ ಸರಿಹೋದ ಮೇಲೂ ದಾಸ್ತಾನು ತುಂಬಲು ಇನ್ನೂ ಮೂರು ತಿಂಗಳು ಮುಂದುವರಿಸಬೇಕು. ಹೆಚ್ಚಿನವರು ನಿಲ್ಲಿಸುವುದು ಇಲ್ಲಿಯೇ, ಅಥವಾ ಇದಕ್ಕೂ ಬಹಳ ಮುಂಚೆ. ಮಲ ಕಪ್ಪಾಗುತ್ತದೆ, ಮಲಬದ್ಧತೆ, ವಾಕರಿಕೆ, ಬಾಯಲ್ಲಿ ಲೋಹದ ರುಚಿ. ಹೀಗಾಗುತ್ತದೆಂದು ಮೊದಲೇ ಹೇಳಿದರೆ ಜನ ತಾಳಿಕೊಳ್ಳುತ್ತಾರೆ. ಹೇಳದಿದ್ದರೆ ಮಾತ್ರೆ ಕಪಾಟಿನಲ್ಲಿ ಉಳಿಯುತ್ತದೆ. ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ, ತೀರ ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಭಯ ಹಳ್ಳಿಯಲ್ಲೂ ಪೇಟೆಯಲ್ಲೂ ಇದೆ. ಎರಡೂ ನಿಜವಲ್ಲ. ಈ ಭಯವನ್ನು ನಗೆಯಾಡಿ ತಳ್ಳಿಹಾಕದೆ ಕೂತು ಮಾತಾಡುವ ಆಶಾ ಕಾರ್ಯಕರ್ತೆ ಎಷ್ಟೋ ಮಾತ್ರೆಗಳಿಗಿಂತ ದೊಡ್ಡ ಔಷಧ.

ಮಾತ್ರೆಯನ್ನು ಊಟಗಳ ನಡುವೆ, ನಿಂಬೆ ಶರಬತ್ತಿನೊಂದಿಗೆ ತೆಗೆದುಕೊಳ್ಳುವುದು ಉತ್ತಮ. ಹಾಲು, ಕಾಫಿ, ಟೀ ಜೊತೆ ಬೇಡ. ಬಸುರಿಗೆ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನೂ ಬೇರೆ ಹೊತ್ತಿನಲ್ಲಿ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ಸಂಕಟವಾದರೆ ಊಟದ ನಂತರ ತೆಗೆದುಕೊಳ್ಳಬಹುದು. ಬಿಟ್ಟೇಬಿಡುವುದಕ್ಕಿಂತ ಅದು ಮೇಲು. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ನಡೆದ ಅಧ್ಯಯನಗಳು ಒಂದು ಕುತೂಹಲದ ಅಂಶ ತೋರಿಸಿವೆ: ಒಂದು ಮಾತ್ರೆ ನುಂಗಿದರೆ ಹೆಪ್ಸಿಡಿನ್ ಏರಿ ಮರುದಿನದ ಮಾತ್ರೆ ಕಡಿಮೆ ಹೀರಲ್ಪಡುತ್ತದೆ. ಆದ್ದರಿಂದ ಬಸುರಿಯಲ್ಲದ, ಕೊರತೆ ತೀವ್ರವಲ್ಲದ ಹೆಂಗಸರಿಗೆ ದಿನ ಬಿಟ್ಟು ದಿನದ ಮಾತ್ರೆಯನ್ನು ಅನೇಕ ವೈದ್ಯರು ಸೂಚಿಸುತ್ತಿದ್ದಾರೆ. ಬಸುರಿಯರು ಮಾತ್ರ ವೈದ್ಯರು ಹೇಳಿದ ಲೆಕ್ಕವನ್ನು ತಾವಾಗಿಯೇ ಬದಲಿಸಬಾರದು. ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಸಕ್ಕರೆ ಲೇಪದ ಕೆಂಪು ಮಾತ್ರೆ ಪುಟ್ಟ ಮಕ್ಕಳ ಕಣ್ಣಿಗೆ ಪೆಪ್ಪರಮೆಂಟು. ಒಂದಷ್ಟು ಮಾತ್ರೆ ಒಟ್ಟಿಗೆ ನುಂಗಿದರೆ ಮಗುವಿನ ಜೀವಕ್ಕೇ ಅಪಾಯ.

ಮಾತ್ರೆ ಒಗ್ಗದವರಿಗೆ, ಹೀರಿಕೊಳ್ಳದವರಿಗೆ, ಹೆರಿಗೆ ಹತ್ತಿರವಾದ ಬಸುರಿಯರಿಗೆ ರಕ್ತನಾಳದ ಮೂಲಕ ಕಬ್ಬಿಣ ಕೊಡುತ್ತಾರೆ. ಐರನ್ ಸುಕ್ರೋಸ್ ಆದರೆ ಹಲವು ಬಾರಿ ಹೋಗಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ ಒಂದೇ ಸಲಕ್ಕೆ ಒಂದು ಗ್ರಾಂವರೆಗೆ ಕೊಡಬಹುದು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಪಾಲ್ಗೊಂಡು ಕರ್ನಾಟಕ, ರಾಜಸ್ಥಾನಗಳಲ್ಲಿ ನಡೆಸಿದ ದೊಡ್ಡ ಪ್ರಯೋಗದಲ್ಲಿ ಬಸುರಿಯರಿಗೆ ಒಂದೇ ಸಲದ ಈ ಚುಚ್ಚುಮದ್ದನ್ನು ದಿನನಿತ್ಯದ ಮಾತ್ರೆಯೊಂದಿಗೆ ಹೋಲಿಸಿ ನೋಡಲಾಗಿದೆ. ಅಪರೂಪಕ್ಕೆ ಅಲರ್ಜಿಯಾಗುವುದರಿಂದ ಇದನ್ನು ಆಸ್ಪತ್ರೆಯಲ್ಲಿಯೇ ಹಾಕಿಸಿಕೊಳ್ಳಬೇಕು. ಎಚ್‌ಬಿ ಐದಕ್ಕಿಂತ ಕೆಳಗಿಳಿದ ಬಸುರಿಯನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಿ ರಕ್ತ ಕೊಡಬೇಕು. ಬಿ12 ಕೊರತೆಗೆ ಚುಚ್ಚುಮದ್ದು ಅಥವಾ ಹೆಚ್ಚಿನ ಪ್ರಮಾಣದ ಮಾತ್ರೆ, ಸಿಕಲ್ ಸೆಲ್‌ಗೆ ಹೈಡ್ರಾಕ್ಸಿಯೂರಿಯಾ, ತೀವ್ರ ಥಲಸ್ಸೀಮಿಯಾಕ್ಕೆ ನಿಯಮಿತವಾಗಿ ರಕ್ತ ಮತ್ತು ಹೆಚ್ಚಾದ ಕಬ್ಬಿಣ ಇಳಿಸುವ ಔಷಧ ಬೇಕಾಗುತ್ತವೆ.

ಅಡುಗೆಮನೆಯಲ್ಲಿ

ಬಣ್ಣ ಕೆಂಪಾಗಿದ್ದರೆ ರಕ್ತ ಹೆಚ್ಚುತ್ತದೆಂಬ ನಂಬಿಕೆಯಿಂದ ಬೀಟ್‌ರೂಟ್, ದಾಳಿಂಬೆ ತಿನ್ನಿಸುವುದುಂಟು. ತಿನ್ನಲು ಒಳ್ಳೆಯವೇ, ಆದರೆ ಎರಡರಲ್ಲೂ ಕಬ್ಬಿಣ ಕಡಿಮೆ. ಮೀನು, ಮಾಂಸ, ಈಲಿಯಲ್ಲಿರುವ ಕಬ್ಬಿಣದ ಶೇ 15ರಿಂದ 35ರಷ್ಟು ದೇಹಕ್ಕೆ ದಕ್ಕುತ್ತದೆ. ಧಾನ್ಯ, ಕಾಳು, ಸೊಪ್ಪಿನದು ಸಾಮಾನ್ಯವಾಗಿ ಶೇ 10ಕ್ಕಿಂತ ಕಡಿಮೆ. ನೂರು ಗ್ರಾಂ ರಾಗಿಯಲ್ಲಿ ನಾಲ್ಕೂವರೆ ಮಿಲಿಗ್ರಾಂ ಆಸುಪಾಸಿನ ಕಬ್ಬಿಣವಿದೆ, ಜೊತೆಗೆ ಅದನ್ನು ಕಟ್ಟಿಹಾಕುವ ಫೈಟೇಟ್ ಮತ್ತು ಟ್ಯಾನಿನ್‌ಗಳೂ ಇವೆ. ನೆನೆಸಿ ಮೊಳಕೆ ಬರಿಸಿದರೆ ಫೈಟೇಟ್ ಒಡೆಯುತ್ತದೆ. ಮೊಳಕೆ ಕಟ್ಟಿದ ರಾಗಿಯಿಂದ ಮಗುವಿಗೆ ಸರಿ ಮಾಡುತ್ತಿದ್ದ ಅಜ್ಜಿಯರ ಪದ್ಧತಿ ಈ ಕಾರಣಕ್ಕೂ ಉಳಿಯಬೇಕು. ಹುದುಗು ಬಂದ ದೋಸೆ, ಇಡ್ಲಿ ಹಿಟ್ಟಿಗೂ ಇದೇ ಗುಣ.

ಸಸ್ಯಾಹಾರದ ಕಬ್ಬಿಣವನ್ನು ದೇಹಕ್ಕೆ ದಕ್ಕಿಸುವುದು ಸಿ ಜೀವಸತ್ವ. ಬಸ್ಸಾರಿನ ಸೊಪ್ಪಿಗೆ ಬಡಿಸುವಾಗ ನಿಂಬೆ ಹಿಂಡುವುದು, ಹುರುಳಿ ಕಟ್ಟಿನ ಊಟದೊಂದಿಗೆ ನೆಲ್ಲಿಕಾಯಿ ಚಟ್ನಿ, ಊಟದ ಕೊನೆಗೆ ಒಂದು ಸೀಬೆಹಣ್ಣು, ಇಷ್ಟು ಸಾಕು ಬಹಳ ವ್ಯತ್ಯಾಸಕ್ಕೆ. ನುಗ್ಗೆ, ಹರಿವೆ, ದಂಟು, ಮೆಂತ್ಯ ಸೊಪ್ಪುಗಳು ವಾರದಲ್ಲಿ ಹಲವು ದಿನ ಇರಲಿ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಹಾಕಿ ಮಾಡಿದ ಅಡುಗೆಗೆ ಕಬ್ಬಿಣ ಇಳಿಯುತ್ತದೆ. ನಾನ್‌ಸ್ಟಿಕ್ ಬಂದ ಮೇಲೆ ಅಟ್ಟ ಸೇರಿದ ಆ ಬಾಣಲೆಯನ್ನು ಇಳಿಸಿಕೊಳ್ಳಬಹುದು. ಊಟವಾದ ತಕ್ಷಣದ ಕಾಫಿ, ಟೀ ಕಬ್ಬಿಣ ಹೀರುವುದನ್ನು ಬಹಳವಾಗಿ ತಡೆಯುತ್ತದೆ. ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆಯ ನಂತರ ಕುಡಿದರೆ ಅಷ್ಟು ತೊಂದರೆಯಿಲ್ಲ.

ಬಾಣಂತಿಯ ಪಥ್ಯದ ಬಗ್ಗೆ ಒಂದು ಮಾತು. ಕಾಳುಮೆಣಸಿನ ಸಾರು, ತುಪ್ಪ, ಕೊಬ್ಬರಿ, ಅಳವಿ ಉಂಡೆಗಳಲ್ಲಿ ಪ್ರೀತಿಯೂ ಪೋಷಣೆಯೂ ಇವೆ. ಮಗುವಿಗೆ ಶೀತವಾಗುತ್ತದೆ, ಭೇದಿಯಾಗುತ್ತದೆ ಎಂದು ಸೊಪ್ಪು, ಹಣ್ಣು, ಕಾಳುಗಳನ್ನು ತಿಂಗಳುಗಟ್ಟಲೆ ಬಿಡಿಸುವುದಕ್ಕೆ ಮಾತ್ರ ಆಧಾರವಿಲ್ಲ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡವಳಿಗೆ ಬೇಕಾದದ್ದನ್ನೇ ತಪ್ಪಿಸಿದಂತಾಗುತ್ತದೆ.

ತಡೆಗಟ್ಟುವ ಕಾರ್ಯಕ್ರಮಗಳು

ಭಾರತ 1970ರಲ್ಲಿಯೇ ಬಸುರಿಯರಿಗೂ ಮಕ್ಕಳಿಗೂ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಹಂಚಲು ಶುರುಮಾಡಿತು. 2018ರಲ್ಲಿ ಬಂದ ‘ಅನೀಮಿಯಾ ಮುಕ್ತ ಭಾರತ’ ಹಲವು ವಯಸ್ಸಿನ ಗುಂಪುಗಳನ್ನು ಒಳಗೊಂಡಿತು. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ ಸಿರಪ್, ಐದರಿಂದ ಒಂಬತ್ತು ವರ್ಷದವರಿಗೆ ವಾರಕ್ಕೊಂದು ಗುಲಾಬಿ ಮಾತ್ರೆ, ಹತ್ತರಿಂದ ಹತ್ತೊಂಬತ್ತರವರೆಗೆ ನೀಲಿ. ಬಸುರಿಗೆ ನಾಲ್ಕನೆಯ ತಿಂಗಳಿಂದ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ, 60 ಮಿಲಿಗ್ರಾಂ ಕಬ್ಬಿಣವುಳ್ಳ ಕೆಂಪು ಮಾತ್ರೆ. ಫೆಬ್ರುವರಿ 10 ಮತ್ತು ಆಗಸ್ಟ್ 10ರಂದು 1ರಿಂದ 19 ವರ್ಷದವರಿಗೆ ಜಂತುಹುಳುವಿನ ಅಲ್ಬೆಂಡಜೋಲ್. ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾಯುವುದೂ ಇದರಲ್ಲಿ ಸೇರಿದೆ. ಆ ಹೊತ್ತಿನಲ್ಲಿ ಮಗುವಿಗೆ ಹರಿದುಬರುವ ರಕ್ತ ಮುಂದಿನ ತಿಂಗಳುಗಳ ಕಬ್ಬಿಣದ ಗಂಟು. ಖರ್ಚಿಲ್ಲದ ಇಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ.

ಕರ್ನಾಟಕದ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾಯಿತು. ಬಸುರಿ, ಬಾಣಂತಿಯರು ಅಂಗನವಾಡಿಯಲ್ಲಿ ಬಿಸಿಯೂಟ ಮಾಡಿ ಅಲ್ಲಿಯೇ ಮಾತ್ರೆ ನುಂಗುವಂತೆ ಮಾಡಿದ್ದು ಇದರ ಸತ್ವ. ತಾನು ಎಲ್ಲರಿಗಿಂತ ಕೊನೆಗೆ ಉಣ್ಣದೆ, ತನಗೆಂದೇ ಬಡಿಸಿದ ಊಟಕ್ಕೆ ಹೆಂಗಸು ಕೂರುವ ಜಾಗ ಅದು. ಎಳೆ ಬಾಣಂತಿ ಹೊಸಿಲು ದಾಟಬಾರದೆಂಬ ಪದ್ಧತಿ, ಅಂಗನವಾಡಿ ದೂರವಿರುವುದು, ಕೂಲಿ ತಪ್ಪುವುದು ಇದಕ್ಕೆ ಅಡ್ಡಿಗಳು. ಯೋಜನೆ ಬರೆಯುವವರು ಹೆಂಗಸಿನ ದಿನಚರಿಯನ್ನು ಮೊದಲು ನೋಡಬೇಕೆಂಬುದಕ್ಕೆ ಇವೇ ಸಾಕ್ಷಿ.

2021ರ ಆಗಸ್ಟ್ 15ರಂದು ಘೋಷಣೆಯಾಗಿ ಹಂತಹಂತವಾಗಿ ಪಡಿತರಕ್ಕೆ ಬಂದ ಸಾರವರ್ಧಿತ ಅಕ್ಕಿಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಅಕ್ಕಿಯಾಕಾರದ ಕಾಳುಗಳನ್ನು ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ಬಣ್ಣ ಬೇರೆಯಿದ್ದು ನೀರಿನಲ್ಲಿ ತೇಲುವ ಈ ಕಾಳುಗಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಎಸೆದ ಮನೆಗಳು ಎಷ್ಟೋ. ಅವು ಅಕ್ಕಿಹಿಟ್ಟಿನಿಂದಲೇ ಮಾಡಿದವು, ಎಸೆಯಬೇಡಿ. ಅಕ್ಕಿಯೊಂದರಿಂದಲೇ ರಕ್ತಹೀನತೆ ಹೋಗುತ್ತದೆಂದು ನಂಬುವುದೂ ಬೇಡ. ತಟ್ಟೆಯಲ್ಲಿ ಕಾಳು, ಸೊಪ್ಪು, ಹಣ್ಣು, ಮೊಟ್ಟೆ ಇಲ್ಲದ ಕೊರತೆಯನ್ನು ಬೆರಕೆಯ ಕಾಳು ತುಂಬಲಾರದು.

ಮನೆಯಲ್ಲಿ ಬಸುರಿಯಿದ್ದರೆ ಆಕೆಯ ತಾಯಿ ಕಾರ್ಡಿನಲ್ಲಿ ಎಚ್‌ಬಿ ಎಷ್ಟು ಬರೆದಿದೆ ಎಂದು ಗಂಡ, ಅತ್ತೆ, ಮಾವ ಎಲ್ಲರೂ ಓದಿ ನೋಡಲಿ. ಹನ್ನೊಂದಕ್ಕಿಂತ ಕಡಿಮೆಯಿದ್ದರೆ ಒಂದು ತಿಂಗಳ ಚಿಕಿತ್ಸೆಯ ನಂತರ ಮತ್ತೆ ಪರೀಕ್ಷೆ ಮಾಡಿಸಿ. ಏರದಿದ್ದರೆ ಯಾಕೆ ಏರಲಿಲ್ಲವೆಂದು ವೈದ್ಯರನ್ನು ಕೇಳಿ. ಆಕೆಯ ತಟ್ಟೆಗೆ ಮೊದಲು ಬಡಿಸಿ.